ಪರದೆ ಆರಿದ ಮೇಲೂ ಆಡಿದ ತಂಡ

ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್‌ನಿಂದ ಉತ್ತರ ದಿಕ್ಕಿಗೆ ಬಸ್ಸು ಹತ್ತಿದವನಿಗೆ ಸುಮಾರು 140 ಕಿಲೋಮೀಟರ್ ಕಳೆದ ಮೇಲೆ ಪನೆವೇಝಿಸ್ ಎಂಬ ಊರು ಸಿಗುತ್ತದೆ. ದಾರಿಯುದ್ದಕ್ಕೂ ಹೊಲ, ಬರ್ಚ್ ಮತ್ತು ಪೈನ್ ಮರಗಳ ಕಾಡು, ಮತ್ತೆ ಹೊಲ. ಬೆಟ್ಟವೆಂಬುದೇ ಕಣ್ಣಿಗೆ ಬೀಳುವುದಿಲ್ಲ. ಇಡೀ ದೇಶದ ಅತ್ಯಂತ ಎತ್ತರದ ಗುಡ್ಡ ಸಮುದ್ರಮಟ್ಟದಿಂದ 300 ಮೀಟರ್ ಕೂಡ ಮುಟ್ಟದು. ಬಾಲ್ಟಿಕ್ ಸಮುದ್ರದ ದಂಡೆಯ ಈ ರಾಷ್ಟ್ರದ ವಿಸ್ತೀರ್ಣ ಸುಮಾರು 65,300 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮೂರನೆಯ ಒಂದು ಪಾಲು. ಜನಸಂಖ್ಯೆಯೋ, 30 ಲಕ್ಷಕ್ಕೂ ಕಡಿಮೆ.

ಪನೆವೇಝಿಸ್ ಈ ದೇಶದ ಐದನೆಯ ದೊಡ್ಡ ನಗರ. ನೆವೇಝಿಸ್ ಎಂಬ ನದಿಯ ದಂಡೆಯಲ್ಲಿರುವುದರಿಂದ ಈ ಹೆಸರು. ನಮ್ಮ ಹೊಳೆಹೊನ್ನೂರು, ಹೊಳೆನರಸೀಪುರಗಳಂತೆ ಇದೂ ಹೊಳೆಯ ಹೆಸರನ್ನು ಹೊತ್ತ ಊರು. ‘ನೆವೇಝಿಸ್’ ಎಂದರೆ ಸೀಗಡಿಯ ಜಾತಿಯ ಸಿಹಿನೀರಿನ ಜೀವಿ ಇಲ್ಲದ ಹೊಳೆ ಎಂದು ಅಲ್ಲಿನ ಜನ ಅರ್ಥ ಹೇಳುವುದುಂಟು. ಪಂಡಿತರು ಒಪ್ಪುತ್ತಾರೋ ಇಲ್ಲವೋ, ಊರಿನ ಹೆಸರಿಗೆ ಕತೆ ಕಟ್ಟುವ ಚಪಲ ಎಲ್ಲ ದೇಶದಲ್ಲೂ ಒಂದೇ.

ಅವರ ಭಾಷೆಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಇಂದು ಜನ ಆಡುತ್ತಿರುವ ಇಂಡೋ-ಯೂರೋಪಿಯನ್ ಭಾಷೆಗಳಲ್ಲಿ ಲಿಥುವೇನಿಯನ್ ಬಹಳ ಹಳೆಯ ರೂಪಗಳನ್ನು ಉಳಿಸಿಕೊಂಡ ಭಾಷೆ ಎಂದು ಭಾಷಾವಿಜ್ಞಾನಿಗಳು ಗುರುತಿಸಿದ್ದಾರೆ. ಬೆಂಕಿಗೆ ಅಲ್ಲಿ ‘ಉಗ್ನಿಸ್’, ಹೊಗೆಗೆ ‘ದೂಮೈ’, ದೇವರಿಗೆ ‘ದಿಯೇವಸ್’, ಮಗನಿಗೆ ‘ಸೂನುಸ್’, ಗಂಡಸಿಗೆ ‘ವೀರಸ್’. ಸಂಸ್ಕೃತದ ಅಗ್ನಿ, ಧೂಮ, ದೇವ, ಸೂನು, ವೀರ ಎಂಬ ಪದಗಳು ಕನ್ನಡ ಬಲ್ಲ ಶಾಲಾ ಮಕ್ಕಳಿಗೂ ಗೊತ್ತು. ಏಳು ಸಾವಿರ ಕಿಲೋಮೀಟರಿಗೆ ಹತ್ತಿರದಷ್ಟು ದೂರದಲ್ಲಿ ನೆಂಟರ ಧ್ವನಿ ಕೇಳಿದಂತೆ!

ಪನೆವೇಝಿಸ್‌ನ ಹೆಸರು ಮೊದಲ ಬಾರಿಗೆ ದಾಖಲಾದದ್ದು 1503ರಲ್ಲಿ. ಅಂದರೆ ಊರಿಗೆ ಐನೂರು ವರ್ಷ ದಾಟಿದೆ. ಆದರೆ ಪ್ರವಾಸಿಗರು ಮುಗಿಬೀಳುವ ಕೋಟೆ ಕೊತ್ತಲಗಳೇನೂ ಇಲ್ಲಿಲ್ಲ. ನಗರದ ಮಧ್ಯದಲ್ಲಿ ‘ಸೆನ್‌ವಾಗೆ’ ಎಂಬ ನೀರಿನ ತಾಣವಿದೆ. ಸೆನ್‌ವಾಗೆ ಎಂದರೆ ಹಳೆಯ ಹೊಳೆಪಾತ್ರ ಎಂದರ್ಥ. ನದಿ ದಿಕ್ಕು ಬದಲಿಸಿದಾಗ ಹಿಂದೆ ಉಳಿದ ತುಂಡು ಅದು. ಭೂಗೋಳದ ಪಾಠದಲ್ಲಿ ಎತ್ತಿನ ಗೊರಸಿನ ಆಕಾರದ ಸರೋವರ ಎಂದು ಓದುತ್ತಾರಲ್ಲ, ಅದೇ ಜಾತಿಯದು. ಅದರ ಸುತ್ತ ಈಗ ಜನ ವಾಯುವಿಹಾರ ಮಾಡುತ್ತಾರೆ. 1902ರಲ್ಲಿ ಆರಂಭವಾದ ಬಿಯರ್ ಕಾರ್ಖಾನೆಯೊಂದು ಊರಿಗೆ ಹೆಸರು ತಂದಿದೆ. 750 ಮಿಲಿಮೀಟರ್ ಅಗಲದ ಹಳಿಯ ಪುಟಾಣಿ ರೈಲು ಪನೆವೇಝಿಸ್‌ನಿಂದ ಆನಿಕ್ಶ್ಚೈ ಕಡೆಗೆ ಹೋಗುವ ದಾರಿಯನ್ನು ಈಗಲೂ ಪ್ರವಾಸಿಗರಿಗಾಗಿ ಕಾಪಾಡಿದ್ದಾರೆ. ಯೂವೋಜಾಸ್ ಮಿಲ್ಟಿನಿಸ್ ಎಂಬ ನಿರ್ದೇಶಕರು 1940ರಲ್ಲಿ ಕಟ್ಟಿದ ರಂಗಶಾಲೆಯಿದೆ. ತಾರ್ಕೋವ್‌ಸ್ಕಿಯ 1972ರ ‘ಸೋಲಾರಿಸ್’ ಚಿತ್ರದ ನಾಯಕ ದೊನಾತಾಸ್ ಬನಿಯೋನಿಸ್ ಪಳಗಿದ್ದು ಅದೇ ರಂಗದ ಮೇಲೆ.

ಇಷ್ಟಾದರೂ, ಲಿಥುವೇನಿಯಾದ ಹೊರಗೆ ಈ ಊರಿನ ಹೆಸರನ್ನು ಅಷ್ಟಿಷ್ಟು ಹರಡಿದ್ದು ರಂಗಭೂಮಿಯಲ್ಲ, ಬಿಯರೂ ಅಲ್ಲ. ಒಂದು ಕಾಲ್ಚೆಂಡಿನ ತಂಡ. ಅದರ ಹೆಸರು ‘ಎಕ್ರಾನಾಸ್’.

ಎಕ್ರಾನಾಸ್ ಎಂದರೆ ಆ ಭಾಷೆಯಲ್ಲಿ ಪರದೆ. ಟಿ.ವಿ. ಪರದೆ, ಸಿನಿಮಾ ಪರದೆ ಎನ್ನುವಾಗಿನ ಪರದೆ. ಫುಟ್‌ಬಾಲ್ ತಂಡಗಳಿಗೆ ಹುಲಿ, ಸಿಂಹ, ಊರು, ಯೋಧ ಎಂದೆಲ್ಲ ಹೆಸರಿಡುವುದನ್ನು ಕೇಳಿದ್ದೇವೆ. ಪರದೆ ಎಂದು ಹೆಸರಿಟ್ಟುಕೊಂಡ ತಂಡ ಜಗತ್ತಿನಲ್ಲಿ ಅಪರೂಪವೇ ಸರಿ. ಅದಕ್ಕೆ ಕಾರಣ ಊರಿನ ಕಾರ್ಖಾನೆ. 1960ರ ದಶಕದಲ್ಲಿ ಸೋವಿಯತ್ ಸರ್ಕಾರ ಪನೆವೇಝಿಸ್‌ನಲ್ಲಿ ಟಿ.ವಿ. ಚಿತ್ರಕೊಳವೆ ತಯಾರಿಸುವ ದೊಡ್ಡ ಕಾರ್ಖಾನೆ ಕಟ್ಟಿತು. ಕಾರ್ಖಾನೆಯ ಹೆಸರು ಎಕ್ರಾನಾಸ್. 1964ರಲ್ಲಿ ಅದರ ನೆರಳಲ್ಲಿ ಹುಟ್ಟಿದ ತಂಡಕ್ಕೂ ಅದೇ ಹೆಸರು.

ಈಗಿನ ಮಕ್ಕಳಿಗೆ ಚಿತ್ರಕೊಳವೆ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗುತ್ತದೆ. ಅವರ ತಂದೆ ತಾಯಿಗಳಿಗೆ ಬೇಡ. 1980ರ ದಶಕದಲ್ಲಿ ನಮ್ಮ ಊರುಗಳ ನಡುಮನೆಗೆ ಬಂದು ಕುಳಿತ, ಮರದ ಬಾಗಿಲು ಜಾರಿಸಿ ಬೀಗ ಹಾಕುತ್ತಿದ್ದ ಆ ಟಿ.ವಿ. ಪೆಟ್ಟಿಗೆಯನ್ನು ಅವರು ಮರೆತಿರಲಾರರು. ಅದರ ಬೆನ್ನು ಅಷ್ಟೊಂದು ಉಬ್ಬಿಕೊಂಡಿರುತ್ತಿದ್ದುದು ಚಿತ್ರಕೊಳವೆಯ ದೆಸೆಯಿಂದಲೇ. ಅದೊಂದು ಗಾಳಿ ತೆಗೆದ ದಪ್ಪ ಗಾಜಿನ ಆಲಿಕೆ. ಹಿಂಭಾಗದ ಸಣ್ಣ ಕತ್ತಿನಲ್ಲಿ ಎಲೆಕ್ಟ್ರಾನ್ ಗನ್ನು. ಬಿಸಿಯಾದ ಕ್ಯಾಥೋಡ್‌ನಿಂದ ಹೊರಟ ಎಲೆಕ್ಟ್ರಾನುಗಳು ಸಾವಿರಾರು ವೋಲ್ಟುಗಳ ಸೆಳೆತಕ್ಕೆ ಸಿಕ್ಕಿ ಮುಂದಿನ ಪರದೆಗೆ ಬಂದು ಅಪ್ಪಳಿಸುತ್ತವೆ. ಪರದೆಯ ಒಳಮೈಗೆ ಬಳಿದ ರಂಜಕ ವಸ್ತು ಅಲ್ಲಿ ಮಿನುಗುತ್ತದೆ. ಕತ್ತಿನ ಸುತ್ತಲಿನ ತಂತಿಸುರುಳಿಗಳ ಕಾಂತಕ್ಷೇತ್ರ ಈ ಎಲೆಕ್ಟ್ರಾನ್ ದೂಲವನ್ನು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಓಡಾಡಿಸುತ್ತದೆ. ನಮ್ಮಲ್ಲಿ ಬಳಕೆಯಲ್ಲಿದ್ದ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಒಂದೇ ಚುಕ್ಕೆ ಓಡಾಡಿ ಮರಡೋನಾನನ್ನೂ ಅವನ ಚೆಂಡನ್ನೂ ಬರೆದು ತೋರಿಸುತ್ತಿತ್ತು ಎಂದರೆ ಈಗಲೂ ಬೆರಗಾಗುತ್ತದೆ.

ಇಂಥ ಕೊಳವೆ ಮಾಡುವುದು ಆಟದ ಮಾತಲ್ಲ. ಒಳಗೆ ಗಾಳಿಯಿಲ್ಲ, ಹೊರಗಿನ ವಾಯುಮಂಡಲ ಪ್ರತಿ ಚದರ ಸೆಂಟಿಮೀಟರಿಗೂ ಸುಮಾರು ಒಂದು ಕಿಲೋ ಭಾರದಷ್ಟು ಒತ್ತುತ್ತದೆ. 21 ಅಂಗುಲದ ಪರದೆಯೊಂದರ ಮೇಲೆ ಬೀಳುವ ಒತ್ತಡ ಲೆಕ್ಕ ಹಾಕಿದರೆ ಒಂದು ಟನ್ನಿಗೂ ಮೀರುತ್ತದೆ. ವಿದ್ಯಾರ್ಥಿಗಳು ಬೇಕಾದರೆ ಉದ್ದ ಅಗಲ ಅಳೆದು ಗುಣಿಸಿ ನೋಡಬಹುದು. ಅದನ್ನು ತಾಳುವಷ್ಟು ಗಾಜು ದಪ್ಪವಿರಬೇಕು. ಒಳಗೆ ಹುಟ್ಟುವ ಎಕ್ಸ್ ಕಿರಣ ಮನೆಯವರ ಮೇಲೆ ಬೀಳದಂತೆ ಗಾಜಿಗೆ ಸೀಸದಂಥ ಭಾರದ ಧಾತುಗಳನ್ನು ಬೆರೆಸಬೇಕು. ಗಾಜು ಕರಗಿಸುವವರು, ನಿರ್ವಾತ ಪಂಪು ನೋಡುವವರು, ರಂಜಕ ಬಳಿಯುವವರು, ಪರೀಕ್ಷಿಸುವವರು ಎಂದು ಸಾವಿರಾರು ಮಂದಿಗೆ ಕೆಲಸ. ಲಿಥುವೇನಿಯಾದಲ್ಲೇ ಶೌಲೈ ನಗರದಲ್ಲಿ ‘ತೌರಾಸ್’, ಕೌನಾಸ್ ನಗರದಲ್ಲಿ ‘ಶಿಲೆಲಿಸ್’ ಎಂಬ ಟಿ.ವಿ.ಗಳು ತಯಾರಾಗುತ್ತಿದ್ದವು. ಬೇಸಾಯದ ಸೀಮೆಯ ನಡುವಿನ ಸಂತೆ ಊರಾಗಿದ್ದ ಪನೆವೇಝಿಸ್ ಹೀಗೆ ಕೈಗಾರಿಕಾ ನಗರವಾಗಿ ಬೆಳೆಯಿತು. 1989ರ ಜನಗಣತಿಯ ಹೊತ್ತಿಗೆ ಊರಿನ ಜನಸಂಖ್ಯೆ 1,26,000 ದಾಟಿತ್ತು.

ಕಾರ್ಖಾನೆಗೊಂದು ಫುಟ್‌ಬಾಲ್ ತಂಡ ಎಂಬುದು ಸೋವಿಯತ್ ವ್ಯವಸ್ಥೆಯಲ್ಲಿ ಸರ್ವೇಸಾಮಾನ್ಯ. ಕಾಗದದ ಮೇಲೆ ಆಟಗಾರರೆಲ್ಲ ಹವ್ಯಾಸಿಗಳು, ಸಂಬಳ ಬರುವುದು ಕಾರ್ಖಾನೆಯಿಂದ. ಕೌನಾಸ್‌ನ ‘ಇಂಕಾರಾಸ್’ ತಂಡದ ಹಿಂದೆ ರಬ್ಬರ್ ಪಾದರಕ್ಷೆ ಮಾಡುವ ಕಾರ್ಖಾನೆ ಇತ್ತು. ಯೊನಾವಾ ಎಂಬ ಊರಿನ ತಂಡದ ಹೆಸರು ‘ಸ್ಟತಿಬಾ’, ಅಂದರೆ ಕಟ್ಟಡ ನಿರ್ಮಾಣ. ಬೆಂಗಳೂರಿನ ಎಚ್.ಎ.ಎಲ್., ಐ.ಟಿ.ಐ. ತಂಡಗಳ ಆಟ ನೋಡಿದ ಹಿರಿಯರಿಗೆ ಇದೇನೂ ವಿಚಿತ್ರವೆನಿಸದು. ಪಾಳಿ ಮುಗಿಸಿ ಬಂದ ಕಾರ್ಮಿಕ ತನ್ನ ಕಾರ್ಖಾನೆಯ ಹೆಸರನ್ನೇ ಕೂಗಿ ಹುರಿದುಂಬಿಸುವಾಗ ಆ ಕೂಗಿನಲ್ಲಿ ಊರೂ ಇರುತ್ತದೆ, ಅನ್ನವೂ ಇರುತ್ತದೆ.

ಆಗಿನ ಲಿಥುವೇನಿಯಾದ ಫುಟ್‌ಬಾಲ್‌ಗೆ ಎರಡು ಅಂತಸ್ತು. ವಿಲ್ನಿಯಸ್‌ನ ‘ಝಾಲ್ಗಿರಿಸ್’ ತಂಡ ಮಾಸ್ಕೊ, ಕೀವ್, ಟಿಬಿಲಿಸಿಗಳ ಘಟಾನುಘಟಿಗಳ ಜೊತೆ ಸೋವಿಯತ್ ಉನ್ನತ ಲೀಗ್‌ನಲ್ಲಿ ಆಡುತ್ತಿತ್ತು. 1987ರಲ್ಲಿ ಅದು ಮೂರನೆಯ ಸ್ಥಾನ ಪಡೆದಾಗ ದೇಶವೇ ಹಬ್ಬ ಮಾಡಿತು. ಎಕ್ರಾನಾಸ್‌ನಂತಹ ಜಿಲ್ಲಾ ಊರಿನ ತಂಡಗಳಿಗೆ ಗಣರಾಜ್ಯದೊಳಗಿನ ಲೀಗ್ ಮಾತ್ರ. ಅಲ್ಲಿಯೂ ಇಪ್ಪತ್ತೊಂದು ವರ್ಷ ಕಾದ ಮೇಲೆ, 1985ರಲ್ಲಿ, ಪನೆವೇಝಿಸ್‌ಗೆ ಚಾಂಪಿಯನ್ ಪಟ್ಟ ಒಲಿಯಿತು. ಅದೇ ವರ್ಷ ಗಣರಾಜ್ಯದ ಕಪ್ ಕೂಡ ಬಂತು. ಮಾಸ್ಕೊದ ಪತ್ರಿಕೆಗಳಿಗೆ ಅದೊಂದು ಸುದ್ದಿಯೇ ಅಲ್ಲ. ಊರಿಗೆ ಮಾತ್ರ ಸಾಕಷ್ಟಾಯಿತು.

ಆಮೇಲೆ ನಡೆದದ್ದು ಇತಿಹಾಸದ ಪುಸ್ತಕದಲ್ಲಿದೆ. 1989ರ ಆಗಸ್ಟ್ 23ರಂದು ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳ ಸುಮಾರು ಇಪ್ಪತ್ತು ಲಕ್ಷ ಜನ ಕೈಕೈ ಹಿಡಿದು ಮೂರು ರಾಜಧಾನಿಗಳ ನಡುವೆ ಮಾನವ ಸರಪಳಿ ಕಟ್ಟಿದರು. ಉದ್ದ 600 ಕಿಲೋಮೀಟರಿಗೂ ಹೆಚ್ಚು. ಆ ಸರಪಳಿ ಹಾದುಹೋದದ್ದು ಪನೆವೇಝಿಸ್ ಮಾರ್ಗವಾಗಿಯೇ. 1990ರ ಮಾರ್ಚ್ 11ರಂದು ಲಿಥುವೇನಿಯಾ ಸ್ವಾತಂತ್ರ್ಯ ಘೋಷಿಸಿತು. ಝಾಲ್ಗಿರಿಸ್ ಸೋವಿಯತ್ ಲೀಗ್‌ನಿಂದ ಹೊರಬಂತು. ಕೆಲವೇ ವಾರಗಳಲ್ಲಿ ಮಾಸ್ಕೊ ಆರ್ಥಿಕ ದಿಗ್ಬಂಧನ ಹೇರಿತು. ತೈಲ ಪೂರೈಕೆ ನಿಂತಿತು. 1991ರ ಜನವರಿ 13ರ ರಾತ್ರಿ ವಿಲ್ನಿಯಸ್‌ನ ಟಿ.ವಿ. ಗೋಪುರವನ್ನು ವಶಪಡಿಸಿಕೊಳ್ಳಲು ಸೋವಿಯತ್ ಟ್ಯಾಂಕುಗಳು ಬಂದವು. ಬರಿಗೈಯಲ್ಲಿ ಅಡ್ಡ ನಿಂತ ನಾಗರಿಕರಲ್ಲಿ ಹದಿನಾಲ್ಕು ಮಂದಿ ಪ್ರಾಣ ತೆತ್ತರು. ಟಿ.ವಿ. ಪರದೆಯ ಮೇಲೆ ಯಾರ ಮಾತು ಬರಬೇಕು ಎಂಬ ಪ್ರಶ್ನೆಗೆ ಜನ ಜೀವ ಕೊಟ್ಟ ಆ ದೇಶದಲ್ಲಿ, ಪರದೆಯನ್ನೇ ತಯಾರಿಸುವ ಊರಿನವರಿಗೆ ಆ ರಾತ್ರಿ ಹೇಗೆ ಕಳೆದಿರಬೇಕೆಂದು ಊಹಿಸುವುದು ಕಷ್ಟವಲ್ಲ.

ಸ್ವತಂತ್ರ ದೇಶಕ್ಕೆ ಸ್ವತಂತ್ರ ಲೀಗ್. ಕಾರ್ಖಾನೆಗಳ ತಂಡಗಳಿಗೆ ಒಮ್ಮೆಲೇ ರಾಷ್ಟ್ರೀಯ ಚಾಂಪಿಯನ್ ಆಗುವ ಅವಕಾಶ. 1992-93ರ ಋತುವಿನಲ್ಲಿ ಎಕ್ರಾನಾಸ್ ರಾಜಧಾನಿಯವರನ್ನೂ ಹಿಂದೆ ಹಾಕಿ ಪಟ್ಟ ಗೆದ್ದುಕೊಂಡಿತು. 1993ರ ಜೂನ್ 25ರಂದು ದೇಶದ ಸ್ವಂತ ನಾಣ್ಯ ಲಿತಾಸ್ ಚಲಾವಣೆಗೆ ಬಂತು. ಹೊಸ ನೋಟು, ಹೊಸ ಚಾಂಪಿಯನ್. ಯೂರೋಪಿನ ಚಾಂಪಿಯನ್ನರ ಕಪ್‌ಗೆ ಪನೆವೇಝಿಸ್‌ನ ತಂಡ ಕಾಲಿಟ್ಟದ್ದು ಆ ವರ್ಷವೇ. ಮಾಲ್ಟಾ ದ್ವೀಪದ ಫ್ಲೋರಿಯಾನಾ ತಂಡದೆದುರು ಸೋತು ಅದು ಬೇಗನೆ ಮನೆಗೆ ಮರಳಿತು. ಅಲ್ಲಿಯವರೆಗೆ ನಕ್ಷೆಯಲ್ಲಷ್ಟೇ ಕಂಡಿದ್ದ ಯೂರೋಪು ಅವರ ಅಂಗಳಕ್ಕೆ ಬಂದದ್ದಂತೂ ಸುಳ್ಳಲ್ಲ.

ಇಲ್ಲೊಂದು ವಿಷಯ ಮರೆಯಬಾರದು. ಲಿಥುವೇನಿಯಾದಲ್ಲಿ ಫುಟ್‌ಬಾಲ್ ಮೊದಲ ಆಟವಲ್ಲ. ಅಲ್ಲಿ ಬ್ಯಾಸ್ಕೆಟ್‌ಬಾಲ್ ಒಂದು ಧರ್ಮವಿದ್ದಂತೆ. 1937, 1939 ಮತ್ತು 2003ರಲ್ಲಿ ಯೂರೋಪಿನ ಪಟ್ಟ ಗೆದ್ದ ದೇಶ ಅದು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಸೋವಿಯತ್ ತಂಡದ ಜೀವಾಳವೇ ಅರ್ವಿದಾಸ್ ಸಬೋನಿಸ್ ಮತ್ತವರ ಲಿಥುವೇನಿಯದ ಗೆಳೆಯರು. ಜೊತೆಗೆ ಹವಾಮಾನವೂ ಕಾಲ್ಚೆಂಡಿಗೆ ಅಷ್ಟು ಅನುಕೂಲವಲ್ಲ. ಪನೆವೇಝಿಸ್ ಇರುವುದು ಉತ್ತರ ಅಕ್ಷಾಂಶ 55 ಡಿಗ್ರಿಯ ಆಚೆ. ಜೂನ್‌ನಲ್ಲಿ ಹಗಲು 17 ಗಂಟೆಗೂ ಹೆಚ್ಚು. ಡಿಸೆಂಬರ್‌ನಲ್ಲಿ 7 ಗಂಟೆ ಚಿಲ್ಲರೆ. ಚಳಿಗಾಲದಲ್ಲಿ ಮೈದಾನ ಹೆಪ್ಪುಗಟ್ಟಿ ಸಿಮೆಂಟಿನಂತಾಗುತ್ತದೆ. ಅದಕ್ಕೇ 1999ರ ನಂತರ ಲೀಗನ್ನು ವಸಂತದಲ್ಲಿ ಆರಂಭಿಸಿ ಶರತ್ಕಾಲದಲ್ಲಿ ಮುಗಿಸುವ ಕ್ರಮಕ್ಕೆ ತಂದರು. ಇಷ್ಟೆಲ್ಲ ಅಡಚಣೆಗಳ ನಡುವೆ ಜಿಲ್ಲಾ ಊರೊಂದರಲ್ಲಿ ಫುಟ್‌ಬಾಲ್ ತಂಡ ನಡೆಸುವುದಕ್ಕೆ ಹಟ ಬೇಕು.

1998 ಮತ್ತು 2000ದಲ್ಲಿ ಎಕ್ರಾನಾಸ್ ರಾಷ್ಟ್ರೀಯ ಕಪ್ ಗೆದ್ದಿತು. ಲೀಗ್ ಪಟ್ಟ ಮಾತ್ರ ಕೈಗೆಟುಕಲಿಲ್ಲ. ಆ ಕಾಲ ಎಫ್.ಬಿ.ಕೆ. ಕೌನಾಸ್ ತಂಡದ್ದು. ಅದರ ಹಿಂದೆ ಇದ್ದವರು ಬ್ಯಾಂಕಿನ ಒಡೆಯ ವ್ಲಾದಿಮಿರ್ ರೊಮಾನೋವ್. 2005ರಲ್ಲಿ ಸ್ಕಾಟ್ಲೆಂಡಿನ ಹಾರ್ಟ್ಸ್ ತಂಡವನ್ನೂ ಕೊಂಡ ಕುಳ. 1999ರಿಂದ 2004ರವರೆಗೆ ಪಟ್ಟ ಕೌನಾಸ್ ಬಿಟ್ಟು ಕದಲಲಿಲ್ಲ. 2005ರಲ್ಲಿ ಆ ಸಾಲನ್ನು ಮುರಿದದ್ದು ಎಕ್ರಾನಾಸ್. ಹನ್ನೆರಡು ವರ್ಷಗಳ ನಂತರ ಪನೆವೇಝಿಸ್‌ಗೆ ಎರಡನೆಯ ಪಟ್ಟ.

ಅದರ ಮರುವರ್ಷವೇ ಕಾರ್ಖಾನೆ ಬಿತ್ತು.

ಬಿದ್ದದ್ದು ಸೋಮಾರಿತನದಿಂದಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಸೋವಿಯತ್ ಮಾರುಕಟ್ಟೆ ಕೈತಪ್ಪಿದ ಮೇಲೂ ಎಕ್ರಾನಾಸ್ ಕಾರ್ಖಾನೆ ಕಣ್ಣು ಮುಚ್ಚಲಿಲ್ಲ. ಹದಿನೈದು ವರ್ಷ ಹೆಣಗಿ ಯೂರೋಪಿನ ಮಾರುಕಟ್ಟೆಯಲ್ಲಿ ಚಿತ್ರಕೊಳವೆ ಮಾರಿತು. ಅದನ್ನು ಸೋಲಿಸಿದ್ದು ವಿಜ್ಞಾನದ ಇನ್ನೊಂದು ದಾರಿ. ದ್ರವ ಹರಳು ಎಂಬ ವಸ್ತುವಿದೆ. ದ್ರವದಂತೆ ಹರಿಯುತ್ತದೆ, ಆದರೆ ಅದರ ಅಣುಗಳು ಹರಳಿನಲ್ಲಿರುವಂತೆ ಸಾಲುಗಟ್ಟಿ ನಿಲ್ಲುತ್ತವೆ. ವಿದ್ಯುತ್ ಹಾಯಿಸಿದರೆ ಆ ಸಾಲು ತಿರುಗಿ ಬೆಳಕನ್ನು ಬಿಡುತ್ತದೆ ಅಥವಾ ತಡೆಯುತ್ತದೆ. ಗಾಜಿನ ಮೇಲೆ ಲಕ್ಷಾಂತರ ಸಣ್ಣ ಟ್ರಾನ್ಸಿಸ್ಟರುಗಳನ್ನು ಮೂಡಿಸುವ ಕಲೆ ಕೈಗೂಡಿದ ಮೇಲೆ ಪ್ರತಿ ಚುಕ್ಕೆಯನ್ನೂ ಬೇರೆ ಬೇರೆಯಾಗಿ ತೆರೆದು ಮುಚ್ಚಲು ಬಂತು. ಎಲೆಕ್ಟ್ರಾನ್ ಗನ್ನು ಬೇಡ, ನಿರ್ವಾತ ಬೇಡ, ಸೀಸದ ಗಾಜು ಬೇಡ. ಹತ್ತಾರು ಕಿಲೋ ತೂಗುತ್ತಿದ್ದ ಟಿ.ವಿ. ಗೋಡೆಗೆ ನೇತುಹಾಕುವ ಚಿತ್ರಪಟವಾಯಿತು. 2006ರಲ್ಲಿ ಎಕ್ರಾನಾಸ್ ಕಾರ್ಖಾನೆ ದಿವಾಳಿಯಾಯಿತು. 2007ರ ಕೊನೆಯ ಹೊತ್ತಿಗೆ ಪ್ರಪಂಚದ ಅಂಗಡಿಗಳಲ್ಲಿ ಚಪ್ಪಟೆ ಟಿ.ವಿ.ಗಳ ಮಾರಾಟ ಹಳೆಯ ಪೆಟ್ಟಿಗೆಗಳನ್ನು ಮೀರಿಸತೊಡಗಿತ್ತು.

ಸಾವಿರಾರು ಮನೆಗಳ ಸಂಬಳ ನಿಂತಾಗ ಒಂದು ಊರಿಗೆ ಏನಾಗುತ್ತದೆ? 2004ರಲ್ಲಿ ಲಿಥುವೇನಿಯಾ ಯೂರೋಪಿಯನ್ ಒಕ್ಕೂಟ ಸೇರಿತ್ತು. ಇಂಗ್ಲೆಂಡ್, ಐರ್ಲೆಂಡ್‌ಗಳ ಬಾಗಿಲು ತೆರೆದಿತ್ತು. ದುಡಿಯುವ ವಯಸ್ಸಿನವರು ಅತ್ತ ನಡೆದರು. 1989ರಲ್ಲಿ 1,26,000 ದಾಟಿದ್ದ ಜನಸಂಖ್ಯೆ 2021ರ ಜನಗಣತಿಯಲ್ಲಿ 90 ಸಾವಿರದ ಒಳಗೆ ಇಳಿದಿತ್ತು. ನಾಲ್ಕು ಮನೆಗೊಂದು ಮನೆ ಖಾಲಿಯಾದಂತೆ. ಉತ್ತರ ಕರ್ನಾಟಕದ ಹಳ್ಳಿಗಳಿಂದ ದುಡಿಯಲು ಗುಳೆ ಹೋದವರ ಮನೆ ಬಾಗಿಲಿನ ಬೀಗ ಕಂಡವರಿಗೆ ಈ ಲೆಕ್ಕದ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಇಂಥ ಹೊತ್ತಿನಲ್ಲಿ ಕಾರ್ಖಾನೆಯ ಹೆಸರಿನ ತಂಡವೂ ಮುಗಿಯಿತೆಂದೇ ಯಾರಾದರೂ ಲೆಕ್ಕ ಹಾಕಿಯಾರು. ಆದದ್ದು ತದ್ವಿರುದ್ಧ. 2008ರಲ್ಲಿ ಎಕ್ರಾನಾಸ್ ಮತ್ತೆ ಚಾಂಪಿಯನ್. ಸ್ಕಾಟ್ಲೆಂಡಿನ ಹೆಸರಾಂತ ರೇಂಜರ್ಸ್ ತಂಡವನ್ನು ಕೌನಾಸ್ ಯೂರೋಪಿನ ಕಣದಿಂದ ಹೊರದಬ್ಬಿದ ವರ್ಷ ಅದು. ಅಂಥ ಕೌನಾಸ್ ಮನೆಯಂಗಳದಲ್ಲಿ ಪನೆವೇಝಿಸ್‌ನವರ ಹಿಂದೆ ನಿಂತಿತು. 2009ರಲ್ಲಿ ಕೌನಾಸ್ ಉನ್ನತ ಲೀಗ್‌ನಿಂದಲೇ ಹೊರಬಿತ್ತು. ಎಕ್ರಾನಾಸ್ 2009, 2010, 2011, 2012ರಲ್ಲೂ ಗೆದ್ದು ಸತತ ಐದು ಪಟ್ಟ ಪೂರೈಸಿತು. 2010 ಮತ್ತು 2011ರಲ್ಲಿ ಕಪ್ ಕೂಡ ಬಂತು. ಕಾರ್ಖಾನೆ ನಡೆಯುತ್ತಿದ್ದ ಸ್ವಾತಂತ್ರ್ಯಾನಂತರದ ಹದಿನೈದು ವರ್ಷಗಳಲ್ಲಿ ಎರಡೇ ಲೀಗ್ ಪಟ್ಟ. ಅದು ಮುಚ್ಚಿದ ಮೇಲೆ ಐದು ವರ್ಷಗಳಲ್ಲಿ ಐದು! ಅಂಗಿಯ ಮೇಲೆ ಬರೆದ ಪದ ಮಾತ್ರ ಇನ್ನೂ ‘ಪರದೆ’ಯೇ. ಆ ಪರದೆ ಮಾಡುವವರು ಊರಿನಲ್ಲಿ ಯಾರೂ ಉಳಿದಿರಲಿಲ್ಲ.

ಪ್ರತಿ ಬೇಸಿಗೆಯಲ್ಲೂ ಚಾಂಪಿಯನ್ಸ್ ಲೀಗಿನ ಅರ್ಹತಾ ಸುತ್ತು. ಸಣ್ಣ ದೇಶಗಳ ಚಾಂಪಿಯನ್ನರಿಗೆ ಅದೇ ಹಬ್ಬ, ಅದೇ ಸುಗ್ಗಿ. ಅರ್ಹತಾ ಸುತ್ತಿನಲ್ಲಿ ಆಡಿದವರಿಗೂ ಯೂರೋಪಿನ ಫುಟ್‌ಬಾಲ್ ಒಕ್ಕೂಟ ಹಣ ಕೊಡುತ್ತದೆ. 2010ರಲ್ಲಿ ಫಿನ್ಲೆಂಡಿನ ಎಚ್.ಜೆ.ಕೆ. ಹೆಲ್ಸಿಂಕಿ ತಂಡ ಎಕ್ರಾನಾಸನ್ನು ಹೊರಹಾಕಿತು. 2011ರಲ್ಲಿ ಮಾಲ್ಟಾದ ವ್ಯಾಲೆಟ್ಟಾ ತಂಡವನ್ನು ಗೆದ್ದು, ಬೆಲಾರೂಸಿನ ಬಲಿಷ್ಠ ಬಾಟೆ ತಂಡವನ್ನು ಮೊದಲ ಪಂದ್ಯದಲ್ಲಿ 0-0ಗೆ ತಡೆದು, ಎರಡನೆಯದರಲ್ಲಿ 1-3ರಿಂದ ಸೋತರು. ಆಮೇಲೆ ಯೂರೋಪಾ ಲೀಗಿನ ಬಾಗಿಲಲ್ಲಿ ಇಸ್ರೇಲಿನ ಹಪೋಯೆಲ್ ಟೆಲ್ ಅವೀವ್ ಎದುರಾಯಿತು. ಮೊದಲ ಪಂದ್ಯ ಎಕ್ರಾನಾಸ್‌ಗೆ 1-0. ಇನ್ನೊಂದು ಪಂದ್ಯ ಉಳಿಸಿಕೊಂಡಿದ್ದರೆ ಗುಂಪು ಹಂತ, ಯೂರೋಪಿನ ದೊಡ್ಡ ಊರುಗಳು, ತಂಡದ ಹಣೆಬರಹವನ್ನೇ ಬದಲಿಸುವಷ್ಟು ದುಡ್ಡು. ಟೆಲ್ ಅವೀವ್‌ನಲ್ಲಿ 0-4 ಆಯಿತು. ಆ ತಿಂಗಳ ಕೊನೆಗೇ ಯೂರೋಪಿನ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ಲಿಥುವೇನಿಯಾದಲ್ಲಿ ಶುರುವಾಗಿ, ಆತಿಥೇಯರ ಗುಂಪಿನ ಪಂದ್ಯಗಳು ಪನೆವೇಝಿಸ್‌ನ 2008ರಲ್ಲಿ ಕಟ್ಟಿದ ಹೊಸ ಒಳಾಂಗಣದಲ್ಲೇ ನಡೆದವು. ಊರು ಫುಟ್‌ಬಾಲಿನ ನೋವನ್ನು ಬೇಗ ಮರೆಯಿತೆಂದು ಹೇಳಬೇಕು, ಅಥವಾ ಮರೆಯಲು ನೆಪ ಸಿಕ್ಕಿತೆಂದು.

2012ರಲ್ಲಿ ಐರ್ಲೆಂಡಿನ ಶ್ಯಾಮ್‌ರಾಕ್ ರೋವರ್ಸ್ ತಂಡವನ್ನು 0-0, 2-1ರಿಂದ ದಾಟಿದರು. ಮುಂದಿನ ಎದುರಾಳಿ ಬೆಲ್ಜಿಯಂನ ಆಂಡರ್‌ಲೆಖ್ಟ್. ಎರಡು ಪಂದ್ಯಗಳಲ್ಲಿ ಒಟ್ಟು 11 ಗೋಲು ತಿಂದು, ಒಂದನ್ನೂ ಹೊಡೆಯಲಾಗದೆ ಹಿಂತಿರುಗಿದರು. ಸೋತವರನ್ನು ಹಂಗಿಸುವುದು ಸುಲಭ. ಆದರೆ ಬ್ರಸೆಲ್ಸ್‌ನಂಥ ಮಹಾನಗರದ ಶತಮಾನದ ಕ್ಲಬ್ಬಿನ ಎದುರು, ಮುಖ್ಯ ಕಾರ್ಖಾನೆ ಮುಚ್ಚಿದ, ಲಕ್ಷ ಜನರೂ ಇಲ್ಲದ ಊರಿನ ಹನ್ನೊಂದು ಮಂದಿ ನಿಂತಿದ್ದರು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕಾಗುತ್ತದೆ.

ಬೆನ್ನಿಗಿದ್ದ ಕಾರ್ಖಾನೆ ಹೋದ ಮೇಲೆ ತಂಡ ನಿಂತದ್ದು ಪ್ರಾಯೋಜಕರ, ನಗರಸಭೆಯ, ಯೂರೋಪಿನ ಪಂದ್ಯಗಳ ಹಣದ ಮೇಲೆ. ಈ ಮೂರು ಕಾಲಿನ ಮಣೆಯಲ್ಲಿ ಒಂದು ಕಾಲು ಸವೆದರೂ ಸಾಕು. 2013ರಲ್ಲಿ ಪಟ್ಟ ವಿಲ್ನಿಯಸ್‌ನ ಝಾಲ್ಗಿರಿಸ್ ಪಾಲಾಯಿತು. ಯೂರೋಪಿನ ದೊಡ್ಡ ಬಾಗಿಲು ಮುಚ್ಚಿತು. 2014ರ ಋತುವಿನ ಬಳಿಕ, 2015ರ ಆರಂಭದಲ್ಲಿ, ಎಕ್ರಾನಾಸ್‌ಗೆ ಯಾವ ಲೀಗಿನಲ್ಲಿ ಆಡಲೂ ಪರವಾನಗಿ ಸಿಗಲಿಲ್ಲ. ಕ್ಲಬ್ಬು ದಿವಾಳಿ ಘೋಷಿಸಿತು. ಲಿಥುವೇನಿಯಾ ತನ್ನ ಲಿತಾಸ್ ಬಿಟ್ಟು ಯೂರೋ ನಾಣ್ಯ ಅಪ್ಪಿಕೊಂಡದ್ದು 2015ರ ಜನವರಿ 1ರಂದು. ಲಿತಾಸ್ ಬಂದ ವರ್ಷ ಮೊದಲ ರಾಷ್ಟ್ರೀಯ ಪಟ್ಟ ಗೆದ್ದ ತಂಡ, ಲಿತಾಸ್ ಹೋದ ವರ್ಷ ತಾನೂ ಹೋಯಿತು. ಕಾಕತಾಳೀಯವೇ ಇರಬಹುದು, ಊರಿನ ಹಿರಿಯರು ಲೆಕ್ಕ ಇಟ್ಟುಕೊಳ್ಳುವುದು ಇಂಥ ಗುರುತುಗಳಿಂದಲೇ.

ಅದೇ 2015ರಲ್ಲಿ ಊರಿನಲ್ಲಿ ಹೊಸ ಕ್ಲಬ್ಬೊಂದು ಹುಟ್ಟಿತು. ಹೆಸರು ಸರಳ: ಎಫ್.ಕೆ. ಪನೆವೇಝಿಸ್. ಈ ಸಲ ಕಾರ್ಖಾನೆಯ ಹೆಸರಲ್ಲ, ಊರಿನದೇ ಹೆಸರು. ಕೆಳಗಿನ ಹಂತದಿಂದ ಮೇಲೇರಿ 2020ರಲ್ಲಿ ಅದು ರಾಷ್ಟ್ರೀಯ ಕಪ್ ಗೆದ್ದಿತು. 2023ರಲ್ಲಿ ಲೀಗ್ ಪಟ್ಟ. ಅದರ ಪಂದ್ಯಗಳು ನಡೆಯುವುದು ಹಿಂದೆ ಎಕ್ರಾನಾಸ್ ಆಡುತ್ತಿದ್ದ ಅದೇ ಔಕ್ಶ್‌ಟೈತಿಯಾ ಕ್ರೀಡಾಂಗಣದಲ್ಲಿ. ಔಕ್ಶ್‌ಟೈತಿಯಾ ಎಂದರೆ ಆ ಸೀಮೆಯ ಹೆಸರು, ಮೇಲುಸೀಮೆ ಎಂದು ಅರ್ಥ.

ಈಗ ಒಂದು ಸೂಕ್ಷ್ಮ ಪ್ರಶ್ನೆ. ಪನೆವೇಝಿಸ್ ಊರಿಗೆ ಒಟ್ಟು ಎಷ್ಟು ಪಟ್ಟ? ದಾಖಲೆ ಪುಸ್ತಕದ ಪ್ರಕಾರ ಎಕ್ರಾನಾಸ್‌ನ ಏಳು ಬೇರೆ, ಹೊಸ ಕ್ಲಬ್ಬಿನ ಒಂದು ಬೇರೆ. ಎರಡನ್ನೂ ಕೂಡಿಸುವಂತಿಲ್ಲ. ಕಾನೂನಿನ ಕಣ್ಣಿಗೆ ಕ್ಲಬ್ ಎಂದರೆ ನೋಂದಣಿ ಸಂಖ್ಯೆ, ಪರವಾನಗಿ, ಸಾಲದ ಪಟ್ಟಿ. ಅದೇ ಕಟ್ಟೆಯ ಮೇಲೆ ಅಪ್ಪನ ಪಕ್ಕ ಕುಳಿತು 1993ರ ಆಟ ನೋಡಿದ್ದ ಹುಡುಗ 2023ರಲ್ಲಿ ತನ್ನ ಮಗನನ್ನು ಕರೆದುಕೊಂಡು ಬಂದಿದ್ದರೆ ಎಂಟು ಎಂದೇ ಎಣಿಸುತ್ತಾನೆ. ಯಾರ ಲೆಕ್ಕ ಸರಿ ಎಂದು ತೀರ್ಪು ಕೊಡುವುದು ಕಷ್ಟ. ಗಣಿತದಲ್ಲಿ ಒಂದೇ ಜಾತಿಯ ವಸ್ತುಗಳನ್ನು ಮಾತ್ರ ಕೂಡಿಸಬಹುದು ಎಂಬ ನಿಯಮವಿದೆ, ಅವು ಒಂದೇ ಜಾತಿಯವೋ ಅಲ್ಲವೋ ಎಂಬುದೇ ಇಲ್ಲಿನ ಜಗಳ.

2024ರ ಬೇಸಿಗೆಯಲ್ಲಿ ಹೊಸ ಚಾಂಪಿಯನ್ನರಿಗೆ ಚಾಂಪಿಯನ್ಸ್ ಲೀಗಿನ ಅರ್ಹತಾ ಸುತ್ತಿನಲ್ಲಿ ಸಿಕ್ಕ ಎದುರಾಳಿ ಯಾರೆಂದುಕೊಂಡಿರಿ? ಹದಿನಾಲ್ಕು ವರ್ಷಗಳ ಹಿಂದೆ ಎಕ್ರಾನಾಸನ್ನು ಮನೆಗೆ ಕಳಿಸಿದ್ದ ಅದೇ ಎಚ್.ಜೆ.ಕೆ. ಹೆಲ್ಸಿಂಕಿ! ಪನೆವೇಝಿಸ್ ಮೊದಲ ಪಂದ್ಯವನ್ನು 3-0ರಿಂದ ಗೆದ್ದು, ಎರಡನೆಯದನ್ನು 1-1ರಲ್ಲಿ ಉಳಿಸಿಕೊಂಡು ಮುಂದೆ ಸಾಗಿತು. ಆಮೇಲೆ ಪೋಲೆಂಡಿನ ಯಾಗಿಯೆಲೋನಿಯಾ ತಂಡ ಅವರ ಓಟಕ್ಕೆ ತಡೆ ಹಾಕಿತು. ದಾಖಲೆ ಪುಸ್ತಕದಲ್ಲಿ ಹೆಲ್ಸಿಂಕಿಯ ಮೇಲಿನ ಈ ಗೆಲುವಿಗೂ 2010ರ ಸೋಲಿಗೂ ಯಾವ ಸಂಬಂಧವೂ ಇಲ್ಲ. ಊರಿನವರ ನೆನಪಿನ ಪುಸ್ತಕದಲ್ಲಿ ಎರಡೂ ಒಂದೇ ಪುಟದಲ್ಲಿರುವುದು ಸಹಜ.

ಹಳೆಯ ಹೆಸರೂ ಪೂರ್ತಿ ಅಳಿಸಿಹೋಗಲಿಲ್ಲ. 2020ರಲ್ಲಿ ಎಕ್ರಾನಾಸ್ ಎಂಬ ಹೆಸರಿನಲ್ಲಿ ಮತ್ತೆ ತಂಡ ಕಟ್ಟಿದರು. ಉನ್ನತ ಲೀಗಿನಲ್ಲಲ್ಲ, ಕೆಳಗಿನ ಹಂತದಲ್ಲಿ, ಹೊಸದಾಗಿ ಅಕ್ಷರ ತಿದ್ದುವವರ ಹಾಗೆ ಮೊದಲಿನಿಂದ ಆಡಬೇಕಾಯಿತು. ಆ ವರ್ಷ ಹದಿನೆಂಟು ತುಂಬಿದ ಹುಡುಗನಿಗೆ ಕಾರ್ಖಾನೆ ಮುಚ್ಚಿದಾಗ ನಾಲ್ಕು ವರ್ಷ. ಚಿತ್ರಕೊಳವೆಯ ಟಿ.ವಿ.ಯನ್ನು ಅವನು ಅಜ್ಜಿಯ ಮನೆಯಲ್ಲಿ ಕಂಡಿದ್ದರೆ ಕಂಡಿರಬೇಕು. ಎದೆಯ ಮೇಲೆ ಆ ಹೆಸರು ಹೊತ್ತು, ಏಪ್ರಿಲ್‌ನ ಚಳಿ ಇನ್ನೂ ಬಿಡದ ಮೈದಾನದಲ್ಲಿ ಚೆಂಡಿನ ಹಿಂದೆ ಓಡುವುದು ಈಗ ಅವನ ಸರದಿ.